ಒಂದು ಕಿಟಕಿ, ಇಬ್ಬರು ಮಾತನಾಡುವವರು: ಸಂಭಾಷಣೆಯ ದೃಶ್ಯಕ್ಕೆ ಬೆಳಕು ಕಟ್ಟುವ ಕ್ರಮ

ಛಾಯಾಗ್ರಹಣ ಕಲಿಯಲು ಹೊರಟವರು ಯುದ್ಧದ ದೃಶ್ಯವನ್ನೋ ಮಳೆಯ ರಾತ್ರಿಯನ್ನೋ ಚಿತ್ರೀಕರಿಸುವ ಕನಸು ಕಾಣುವುದು ಸಹಜ. ನಾನು ಮಾತ್ರ ಮೊದಲ ಅಭ್ಯಾಸಕ್ಕೆ ಬೇರೊಂದು ದೃಶ್ಯವನ್ನು ಸೂಚಿಸುತ್ತೇನೆ: ಹಗಲು ಹೊತ್ತು, ಒಂದೇ ಕಿಟಕಿಯಿರುವ ಕೋಣೆ, ಮೇಜಿನ ಆಚೀಚೆ ಕುಳಿತು ಮಾತನಾಡುವ ಇಬ್ಬರು. ಸಿನಿಮಾದಲ್ಲಿಯೂ ಧಾರಾವಾಹಿಯಲ್ಲಿಯೂ ಮತ್ತೆ ಮತ್ತೆ ಎದುರಾಗುವ ದೃಶ್ಯವಿದು. ಇದನ್ನು ಬಿಡಿಬಿಡಿ ಶಾಟ್‌ಗಳಾಗಿ ತೆಗೆದು ಮುಗಿಸುವಷ್ಟರಲ್ಲಿ ಐದಾರು ಗಂಟೆ ಕಳೆದಿರುತ್ತದೆ, ಅಷ್ಟು ಹೊತ್ತಿಗೆ ಹೊರಗಿನ ಬಿಸಿಲು ದಿಕ್ಕನ್ನೂ ಬಣ್ಣವನ್ನೂ ಬದಲಿಸಿರುತ್ತದೆ. ಆದರೂ ತೆರೆಯ ಮೇಲೆ ಅದು ಮೂರು ನಿಮಿಷದ ಒಂದೇ ಮಾತುಕತೆಯಾಗಿ ಕಾಣಬೇಕು. ಈ ಕೆಲಸ ಕೈಗೂಡಿದರೆ ಛಾಯಾಗ್ರಹಣದ ಬಹುಪಾಲು ಕೈಗೂಡಿದಂತೆಯೇ.

ಇಡೀ ಕೆಲಸ ನಿಂತಿರುವುದು ಒಂದು ನಿರ್ಧಾರದ ಮೇಲೆ. ಯಾವ ಕ್ಯಾಮೆರಾ, ಯಾವ ದೀಪ ಎಂದು ಕೇಳುವ ಮೊದಲು, ಈ ಕೋಣೆಗೆ ಬೆಳಕು ಎಲ್ಲಿಂದ ಬರುತ್ತಿದೆ ಎಂಬುದನ್ನು ಗೊತ್ತುಮಾಡಿಕೊಂಡು, ಕೊನೆಯ ಕ್ಲೋಸಪ್‌ವರೆಗೂ ಆ ಉತ್ತರವನ್ನು ಬಿಡದೆ ಹಿಡಿದುಕೊಳ್ಳಬೇಕು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಈ ನಿರ್ಧಾರದಿಂದಲೇ ಹುಟ್ಟುತ್ತದೆ.

ಹೆಜ್ಜೆ 1: ಕ್ಯಾಮೆರಾ ಹೊರತೆಗೆಯುವ ಮೊದಲು ಕೋಣೆಯಲ್ಲಿ ನಿಲ್ಲುವುದು

ಚಿತ್ರೀಕರಣದ ಹಿಂದಿನ ದಿನ, ದೃಶ್ಯ ನಡೆಯುವ ಹೊತ್ತಿಗೇ ಆ ಕೋಣೆಗೆ ಹೋಗಿ, ಒಳಗಿನ ದೀಪಗಳನ್ನೆಲ್ಲ ಆರಿಸಿ, ಸಹಾಯಕರೊಬ್ಬರನ್ನು ಮೇಜಿನ ಬಳಿ ಕೂರಿಸಿ ಹತ್ತು ನಿಮಿಷ ಸುಮ್ಮನೆ ನೋಡಿ. ಮುಖದ ಯಾವ ಭಾಗಕ್ಕೆ ಬೆಳಕು ತಾಗುತ್ತದೆ, ಮೂಗಿನ ನೆರಳು ಎತ್ತ ಬೀಳುತ್ತದೆ, ಹಿಂದಿನ ಗೋಡೆ ಮುಖಕ್ಕಿಂತ ಎಷ್ಟು ಮಂಕಾಗಿದೆ ಎಂಬುದನ್ನು ಬರೆದುಕೊಳ್ಳಿ. ಕೋಣೆ ತಾನಾಗಿಯೇ ತೋರಿಸುವ ಬೆಳಕಿಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ನಾವು ಆಮೇಲೆ ದೀಪಗಳಿಂದ ಮಾಡುವುದೆಲ್ಲ ಈ ಹತ್ತು ನಿಮಿಷದಲ್ಲಿ ಕಂಡದ್ದನ್ನು ಇಡೀ ದಿನ ಉಳಿಸಿಕೊಳ್ಳುವ ಪ್ರಯತ್ನ.

ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತಾನೆ. ಬೆಳಿಗ್ಗೆ ಮೇಜಿನ ಮೇಲೆ ಬಿದ್ದಿದ್ದ ಬಿಸಿಲಿನ ಚೌಕ ಮಧ್ಯಾಹ್ನಕ್ಕೆ ಗೋಡೆಯ ಬುಡದಲ್ಲಿರಬಹುದು, ಇಲ್ಲವೇ ಕೋಣೆಯನ್ನೇ ಬಿಟ್ಟು ಹೋಗಿರಬಹುದು. ಚಲನಚಿತ್ರ ಕಣ್ಣು ಬಿಡುತ್ತಿದ್ದ ಕಾಲದಲ್ಲಿಯೇ ಈ ತೊಂದರೆ ಎದುರಾಗಿತ್ತು. 1893ರಲ್ಲಿ ಅಮೆರಿಕದ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ಥಾಮಸ್ ಎಡಿಸನ್ ಅವರ ಪ್ರಯೋಗಾಲಯದ ಆವರಣದಲ್ಲಿ ಕಟ್ಟಿದ ಬ್ಲ್ಯಾಕ್ ಮರಿಯಾ ಎಂಬ ಸ್ಟುಡಿಯೋದ ಛಾವಣಿ ತೆರೆದುಕೊಳ್ಳುತ್ತಿತ್ತು, ಇಡೀ ಕಟ್ಟಡವನ್ನು ವೃತ್ತಾಕಾರದ ಹಳಿಯ ಮೇಲೆ ಸೂರ್ಯನ ಕಡೆಗೆ ತಿರುಗಿಸಬಹುದಾಗಿತ್ತು. ಕೋಣೆಯನ್ನು ತಿರುಗಿಸಲಾಗದ ನಾವು ಶಾಟ್‌ಗಳ ಅನುಕ್ರಮವನ್ನು ತಿರುಗಿಸಿಕೊಳ್ಳಬೇಕು. ಕಿಟಕಿ ಚೌಕಟ್ಟಿನೊಳಗೆ ಕಾಣುವ ಅಗಲವಾದ ಶಾಟ್‌ಗಳನ್ನು, ಹೊರಗಿನ ಬೆಳಕು ನಮಗೆ ಬೇಕಾದಂತಿರುವ ಹೊತ್ತಿನಲ್ಲಿ ಮೊದಲು ಮುಗಿಸಬೇಕು. ಕಿಟಕಿ ಕಾಣದ ಕ್ಲೋಸಪ್‌ಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು, ಏಕೆಂದರೆ ಅವುಗಳ ಬೆಳಕನ್ನು ಕತ್ತಲಾದ ಮೇಲೂ ದೀಪದಿಂದ ಕಟ್ಟಬಹುದು.

ಮೇಜನ್ನು ಎಲ್ಲಿಡಬೇಕೆಂಬುದನ್ನು ಕಲಾ ನಿರ್ದೇಶಕರೊಂದಿಗೆ ಆಗಲೇ ಮಾತನಾಡಿಕೊಳ್ಳಿ. ನಟರ ಬೆನ್ನಿಗೂ ಗೋಡೆಗೂ ನಡುವೆ ಕಡೇಪಕ್ಷ ಎರಡು ಮೀಟರ್ ಜಾಗ ಇರಲಿ. ಗೋಡೆಗೆ ಅಂಟಿ ಕುಳಿತವರ ನೆರಳು ಗೋಡೆಯ ಮೇಲೆಯೇ ಬೀಳುತ್ತದೆ, ಮುಖಕ್ಕೆ ಕೊಟ್ಟ ಬೆಳಕೆಲ್ಲ ಗೋಡೆಗೂ ಹೋಗುತ್ತದೆ, ಆಗ ಎರಡನ್ನೂ ಬೇರೆಬೇರೆಯಾಗಿ ನಿಯಂತ್ರಿಸುವ ದಾರಿಯೇ ಉಳಿಯುವುದಿಲ್ಲ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನು ಇಂಥ ಗೋಡೆಯೊಂದನ್ನು ಮಂಕಾಗಿಸಲು ದೀಪಕ್ಕೆ ಕಪ್ಪು ಬಟ್ಟೆ, ಬೆಳಕನ್ನು ಕತ್ತರಿಸುವ ಕಟ್ಟರ್, ಬೆಳಕನ್ನು ಮಂಕಾಗಿಸುವ ಜಾಲರಿಯಾದ ನೆಟ್ ಎಲ್ಲವನ್ನೂ ಅಡ್ಡ ಹಿಡಿಸಿ ಎರಡು ಗಂಟೆ ಕಳೆದಿದ್ದೆ. ಮೇಜನ್ನು ನಾಲ್ಕು ಅಡಿ ಮುಂದಕ್ಕೆ ಎಳೆದಿದ್ದರೆ ಅದು ಐದು ನಿಮಿಷದ ಕೆಲಸವಾಗಿತ್ತು.

ಹೆಜ್ಜೆ 2: ರೇಖೆಯನ್ನು ಎಳೆದು, ಕ್ಯಾಮೆರಾವನ್ನು ನೆರಳಿನ ಕಡೆಗೆ ಇಡುವುದು

ನಟರು ಒಮ್ಮೆ ಪೂರ್ತಿ ಅಭ್ಯಾಸ ಮಾಡಲಿ, ನೀವು ಸುಮ್ಮನೆ ನೋಡಿ. ಯಾರು ಯಾವ ಮಾತಿಗೆ ಎದ್ದು ನಿಲ್ಲುತ್ತಾರೆ, ಯಾರು ಕಿಟಕಿಯತ್ತ ತಿರುಗುತ್ತಾರೆ ಎಂಬುದು ಗೊತ್ತಾದ ಮೇಲೆ, ಇಬ್ಬರ ಕಣ್ಣುಗಳನ್ನು ಜೋಡಿಸುವ ಒಂದು ರೇಖೆಯನ್ನು ಮನಸ್ಸಿನಲ್ಲಿ ಎಳೆಯಿರಿ. ಕ್ಯಾಮೆರಾ ಈ ರೇಖೆಯ ಒಂದೇ ಬದಿಯಲ್ಲಿ ಉಳಿಯಬೇಕೆಂಬ 180 ಡಿಗ್ರಿ ನಿಯಮವನ್ನು ಎಲ್ಲರೂ ಬಲ್ಲರು. ಅದನ್ನು ಪಾಲಿಸಿದರೆ ಎಡಗಡೆಯವರು ಸದಾ ಬಲಕ್ಕೂ ಬಲಗಡೆಯವರು ಸದಾ ಎಡಕ್ಕೂ ನೋಡುತ್ತಾರೆ, ಪ್ರೇಕ್ಷಕರಿಗೆ ದಿಕ್ಕು ತಪ್ಪುವುದಿಲ್ಲ. ರೇಖೆಯ ಯಾವ ಬದಿಯನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಮಾತ್ರ ಈ ನಿಯಮದಲ್ಲಿ ಉತ್ತರವಿಲ್ಲ, ಅದನ್ನು ಹೇಳಬೇಕಾದದ್ದು ಬೆಳಕು.

ಕಿಟಕಿ ರೇಖೆಯ ಯಾವ ಬದಿಗಿದೆಯೋ ಅದರ ಎದುರು ಬದಿಯಲ್ಲಿ ಕ್ಯಾಮೆರಾ ಇಡಿ. ಹಾಗೆ ಇಟ್ಟಾಗ ಇಬ್ಬರ ಮುಖದಲ್ಲಿಯೂ ಕ್ಯಾಮೆರಾದಿಂದ ದೂರದ ಕೆನ್ನೆ ಬೆಳಗುತ್ತದೆ, ಹತ್ತಿರದ ಕೆನ್ನೆ ನೆರಳಿಗೆ ಜಾರುತ್ತದೆ. ಹಣೆ, ಮೂಗು, ದವಡೆಗಳ ಉಬ್ಬುತಗ್ಗುಗಳು ಆಗ ತಾವಾಗಿಯೇ ಎದ್ದು ಕಾಣುತ್ತವೆ. ಕ್ಯಾಮೆರಾವನ್ನು ಕಿಟಕಿಯ ಬದಿಗೇ ಇಟ್ಟರೆ ಬೆಳಕು ಕ್ಯಾಮೆರಾದ ಬೆನ್ನಿಂದ ಮುಖದ ಮೇಲೆ ನೇರವಾಗಿ ಬೀಳುತ್ತದೆ. ಮುಖ ಸ್ಪಷ್ಟವಾಗಿ ಕಂಡರೂ ಗೋಡೆಗೆ ಅಂಟಿಸಿದ ಚಿತ್ರದಂತೆ ಚಪ್ಪಟೆಯಾಗುತ್ತದೆ. ಈ ಒಂದು ಆಯ್ಕೆಗೆ ಖರ್ಚಿಲ್ಲ, ಹೆಚ್ಚಿನ ದೀಪವೂ ಬೇಕಿಲ್ಲ, ಆದರೂ ದೃಶ್ಯದ ರೂಪವನ್ನು ಇದರಷ್ಟು ಬದಲಿಸುವ ಕ್ರಮ ಇನ್ನೊಂದಿಲ್ಲ. ಎಷ್ಟೋ ಹೊಸಬರು ಇದನ್ನು ಗಮನಿಸದೆ, ದುಬಾರಿ ಲೆನ್ಸ್‌ಗಳಿಂದ ಆಳ ಬರಿಸಲು ಹೆಣಗುವುದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಲೆನ್ಸ್‌ನ ವಿಚಾರವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಿನಿಮಾ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಸೂಪರ್ 35 ಅಳತೆಯ ಸೆನ್ಸರ್ ಇದ್ದರೆ, ಇಡೀ ದೃಶ್ಯ ಕಾಣುವ ಮಾಸ್ಟರ್ ಶಾಟ್‌ಗೆ 32 ಮಿಲಿಮೀಟರ್, ಭುಜದ ಹಿಂದಿನಿಂದ ತೆಗೆಯುವ ಸಜೆಷನ್ ಶಾಟ್‌ಗೆ 50, ಕ್ಲೋಸಪ್‌ಗೆ 75 ಅಥವಾ 85 ಒಳ್ಳೆಯ ಆರಂಭ. ಮುಖದ ಪ್ರಮಾಣವನ್ನು ನಿರ್ಧರಿಸುವುದು ಮುಖಕ್ಕೂ ಕ್ಯಾಮೆರಾಕ್ಕೂ ಇರುವ ದೂರ. ಆ ದೂರದಿಂದ ಎಷ್ಟು ಭಾಗ ಕಾಣಬೇಕೆಂಬುದನ್ನಷ್ಟೇ ಲೆನ್ಸ್ ನಿರ್ಧರಿಸುತ್ತದೆ. ಆದ್ದರಿಂದ ಎದುರುಬದುರು ಜೋಡಿ ಶಾಟ್‌ಗಳಿಗೆ ಲೆನ್ಸ್, ದೂರ, ಎತ್ತರ ಮೂರನ್ನೂ ಒಂದೇ ಆಗಿಡಿ. ಇಬ್ಬರಲ್ಲಿ ಒಬ್ಬರನ್ನು ದುರ್ಬಲರಾಗಿಯೋ ಪ್ರಬಲರಾಗಿಯೋ ತೋರಿಸುವ ಉದ್ದೇಶವಿದ್ದರೆ ಮಾತ್ರ ಈ ಸಮತೂಕವನ್ನು ಮುರಿಯಿರಿ.

ಹೆಜ್ಜೆ 3: ಕಿಟಕಿಯ ಬೆಳಕನ್ನು ಕಟ್ಟುವುದು

ಈ ದೃಶ್ಯದ ಮುಖ್ಯ ಬೆಳಕು, ಅಂದರೆ ಕೀ ಲೈಟ್, ಕಿಟಕಿಯೇ. ಅದನ್ನು ಇಡೀ ದಿನ ಒಂದೇ ರೀತಿ ಇಡಬೇಕಾದರೆ ಕಿಟಕಿಯ ಹೊರಗೆ ನಮ್ಮದೇ ದೀಪ ನಿಲ್ಲಬೇಕು. ಹಗಲ ಬಣ್ಣದ ಬಲವಾದ ಬೆಳಕು ಕೊಡುವ ಎಚ್‌ಎಂಐ ದೀಪವಾಗಲಿ ಬಲವಾದ ಎಲ್‌ಇಡಿ ಆಗಲಿ, ಅದನ್ನು ಕಿಟಕಿಗೆ ತೀರಾ ಹತ್ತಿರ ಇಡಬೇಡಿ. ಒಂದು ಬಿಂದುವಿನಿಂದ ಹರಡುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆ. ದೀಪ ಒಬ್ಬ ನಟರಿಂದ 1 ಮೀಟರ್, ಇನ್ನೊಬ್ಬರಿಂದ 2 ಮೀಟರ್ ದೂರದಲ್ಲಿದ್ದರೆ ಎರಡನೆಯವರಿಗೆ ತಲುಪುವುದು ಕಾಲುಭಾಗ ಬೆಳಕು, ಅಂದರೆ ಎರಡು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಒಂದು ಇಳಿದರೆ ಅರ್ಧ). ಅದೇ ದೀಪವನ್ನು ಹಿಂದಕ್ಕೆ ಸರಿಸಿ ಇಬ್ಬರಿಗೂ ಕ್ರಮವಾಗಿ 4 ಮತ್ತು 5 ಮೀಟರ್ ದೂರವಾಗುವಂತೆ ಮಾಡಿದರೆ ವ್ಯತ್ಯಾಸ ಮುಕ್ಕಾಲು ಸ್ಟಾಪ್‌ಗಿಂತಲೂ ಕಡಿಮೆಯಾಗುತ್ತದೆ. ನಿಜವಾದ ಸೂರ್ಯ ಕೋಟ್ಯಂತರ ಕಿಲೋಮೀಟರ್ ಆಚೆ ಇರುವುದರಿಂದ ಬಿಸಿಲಿನಲ್ಲಿ ನಡೆದಾಡಿದರೆ ಮುಖದ ಬೆಳಕು ಏರಿಳಿಯುವುದಿಲ್ಲ. ದೀಪ ಹತ್ತಿರವಿದ್ದು ನಟರು ಎರಡು ಹೆಜ್ಜೆ ಇಟ್ಟಾಗ ಮುಖ ಥಟ್ಟನೆ ಕಂದಿದರೆ, ಕಾರಣ ತಿಳಿಯದ ಪ್ರೇಕ್ಷಕರಿಗೂ ಇದು ಕೃತಕ ಬೆಳಕೆಂಬುದು ಅರಿವಾಗಿಬಿಡುತ್ತದೆ.

ಮೃದುವಾದ ಕಿಟಕಿ ಬೆಳಕು ಬೇಕಿದ್ದರೆ ದೀಪಕ್ಕೂ ನಟರಿಗೂ ನಡುವೆ ದೊಡ್ಡ ಚೌಕಟ್ಟಿನಲ್ಲಿ ಬೆಳಕನ್ನು ಹರಡುವ ಬಿಳಿ ಡಿಫ್ಯೂಷನ್ ಬಟ್ಟೆ ಬರಲಿ. ನಟರಿಗೆ ಕಾಣುವಂತೆ ಬೆಳಕಿನ ಮೂಲ ಎಷ್ಟು ದೊಡ್ಡದಾಗಿದೆಯೋ ಬೆಳಕು ಅಷ್ಟು ಮೃದು. 1 ಮೀಟರ್ ದೂರದಲ್ಲಿರುವ 1 ಮೀಟರ್ ಅಗಲದ ಚೌಕಟ್ಟೂ 2 ಮೀಟರ್ ದೂರದಲ್ಲಿರುವ 2 ಮೀಟರ್ ಅಗಲದ ಚೌಕಟ್ಟೂ ಒಂದೇ ಬಗೆಯ ನೆರಳಂಚನ್ನು ಕೊಡುತ್ತವೆ. ಬಟ್ಟೆಯ ತುಂಬ ಬೆಳಕು ಹರಡುವಂತೆ ದೀಪವನ್ನು ಹಿಂದಕ್ಕೆ ಸರಿಸುವುದು ಮುಖ್ಯ. ಬಟ್ಟೆಯ ನಡುವೆ ಮಾತ್ರ ಬೆಳಕಿನ ಮಚ್ಚೆ ಬಿದ್ದರೆ ಆ ಮಚ್ಚೆಯಷ್ಟೇ ನಿಮ್ಮ ಬೆಳಕಿನ ಮೂಲ, ಉಳಿದ ಬಟ್ಟೆ ವ್ಯರ್ಥ.

ಬಟ್ಟೆಯ ಮೂಲಕ ಹಾಯಿಸುವ ಬದಲು ಬಟ್ಟೆಗೆ ಬಡಿದು ಮರಳುವ ಬೆಳಕನ್ನೂ ಬಳಸಬಹುದು. ಈ ಕ್ರಮದ ಚರಿತ್ರೆಯಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ ಅವರ ಹೆಸರು ದೊಡ್ಡದು. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೋ’ ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಒಳಾಂಗಣವನ್ನು ಸ್ಟುಡಿಯೋದಲ್ಲಿ ಕಟ್ಟಲಾಗಿತ್ತು. ಅಂಥ ಮನೆಯ ನಡುವಂಗಳಕ್ಕೆ ಆಕಾಶದಿಂದ ಇಳಿಯುವ ಬೆಳಕಿಗೆ ಗಟ್ಟಿ ನೆರಳುಗಳಿರುವುದಿಲ್ಲ, ಸ್ಟುಡಿಯೋ ದೀಪಗಳನ್ನು ನೇರವಾಗಿ ಬಿಟ್ಟರೆ ನೆರಳುಗಳು ಬೀಳದೆ ಇರುವುದಿಲ್ಲ. ಮಿತ್ರ ಅವರು ಅಂಗಳದ ಮೇಲೆ ಬಿಳಿ ಬಟ್ಟೆಯನ್ನು ಬಿಗಿದು, ದೀಪಗಳನ್ನು ಕೆಳಗಿನಿಂದ ಅದಕ್ಕೆ ಬಡಿಸಿ, ಮರಳಿ ಬೀಳುವ ಬೆಳಕನ್ನೇ ಆಕಾಶವಾಗಿ ಬಳಸಿಕೊಂಡರು. ಹೊಸ ಯಂತ್ರದ ನೆರವಿಲ್ಲದೆ, ನಿಜವಾದ ಮನೆಯಲ್ಲಿ ಬೆಳಕು ಹೇಗೆ ಇಳಿಯುತ್ತದೆಂಬುದನ್ನು ನೋಡಿದ್ದರಿಂದ ಹುಟ್ಟಿದ ಉಪಾಯವದು. ಮೇಲಿನ ಅಂತಸ್ತಿನ ಕೋಣೆಯಾಗಿ ಕಿಟಕಿಯ ಹೊರಗೆ ದೀಪ ನಿಲ್ಲಿಸಲು ಜಾಗವಿಲ್ಲದಿದ್ದರೆ ಇದೇ ಉಪಾಯವನ್ನು ಒಳಗೆ ಮಾಡಿ: ಕಿಟಕಿಯ ಪಕ್ಕದ ಗೋಡೆಗೆ, ಚೌಕಟ್ಟಿನ ಅಂಚಿನಿಂದಾಚೆ ಬಿಳಿ ಬಟ್ಟೆ ಬಿಗಿದು ದೀಪವನ್ನು ಅದಕ್ಕೆ ಬಡಿಸಿ. ಬೆಳಕು ಕಿಟಕಿಯ ದಿಕ್ಕಿನಿಂದಲೇ ಬಂದಂತಾಗುತ್ತದೆ.

ಮೃದುವಾದ ಬೆಳಕೇ ಸದಾ ಒಳ್ಳೆಯದೆಂಬ ನಂಬಿಕೆ ಈಚೆಗೆ ಬಲವಾಗಿದೆ, ನನಗೆ ಅದು ಒಪ್ಪಿಗೆಯಿಲ್ಲ. ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದ ಒಳಗೆ ತಂದು, ಕತ್ತಲಿನ ನಡುವೆ ಒಂದೇ ಗಟ್ಟಿ ಬೆಳಕಿನ ಕೋಲನ್ನು ಇಳಿಸಿದರು. ಆ ಕೋಲಿನ ಅಂಚು ಮೃದುವಾಗಿದ್ದರೆ ಒಳಗೆ ಇರುವವರು, ಹೊರಗೆ ಉಳಿದವರು ಎಂಬ ಭೇದವೇ ಅಳಿಸಿಹೋಗುತ್ತಿತ್ತು. ನಮ್ಮ ಕೋಣೆಯಲ್ಲಿಯೂ ಮುಖಗಳಿಗೆ ಬಟ್ಟೆಯ ಬೆಳಕು ಕೊಟ್ಟು, ಮೇಜಿನ ಒಂದು ಮೂಲೆಗೋ ಹಿಂದಿನ ಗೋಡೆಗೋ ಬಟ್ಟೆಯಿಲ್ಲದ ಒಂದು ಚಿಕ್ಕ ದೀಪದಿಂದ ಬಿಸಿಲಿನ ತುಂಡೊಂದನ್ನು ಬೀಳಿಸಿದರೆ ಹೊರಗೆ ಹಗಲಿದೆ ಎಂಬುದು ಮನಸ್ಸಿಗೆ ತಟ್ಟುತ್ತದೆ.

ಹೆಜ್ಜೆ 4: ಲೆಕ್ಕ

ಇಲ್ಲಿಯವರೆಗೆ ಕಣ್ಣಿನಿಂದ ಮಾಡಿದ್ದನ್ನು ಈಗ ಅಂಕಿಗಳಲ್ಲಿ ಕಟ್ಟಿಹಾಕಬೇಕು. ವೇಗ ಸೆಕೆಂಡಿಗೆ 24 ಫ್ರೇಮ್ ಇರಲಿ. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ವೇಗ ಏರುಪೇರಾಗುತ್ತಿತ್ತು. 1920ರ ದಶಕದ ಕೊನೆಗೆ ಫಿಲ್ಮಿನ ಅಂಚಿನಲ್ಲೇ ಧ್ವನಿ ಅಚ್ಚಾಗತೊಡಗಿದಾಗ ವೇಗ ಬದಲಾದರೆ ದನಿಯೂ ಕೆಡುವುದರಿಂದ 24 ನಿಗದಿಯಾಯಿತು. ಒಂದು ಫ್ರೇಮಿನ ಅವಧಿಯಲ್ಲಿ ಎಷ್ಟು ಭಾಗ ಬೆಳಕು ಒಳಬರಬೇಕೆಂಬುದನ್ನು ಶಟರ್ ನಿರ್ಧರಿಸುತ್ತದೆ, 360 ಡಿಗ್ರಿ ಎಂದರೆ ಪೂರ್ತಿ ಅವಧಿ. ಶಟರ್ 180 ಡಿಗ್ರಿ ಇದ್ದರೆ ಒಂದೊಂದು ಫ್ರೇಮಿಗೆ 1/48 ಸೆಕೆಂಡ್ ಬೆಳಕು ಸಿಗುತ್ತದೆ. ಕೋಣೆಯಲ್ಲಿ ವಿದ್ಯುತ್ ದೀಪಗಳು ಕಾಣುವಂತಿದ್ದು ಸರಬರಾಜು 50 ಹರ್ಟ್ಸ್ ಇದ್ದರೆ ಶಟರನ್ನು 172.8 ಡಿಗ್ರಿಗೆ, ಅಂದರೆ 1/50 ಸೆಕೆಂಡಿಗೆ ಇಡಿ. 60 ಹರ್ಟ್ಸ್ ಇರುವ ದೇಶಗಳಲ್ಲಿ 144 ಡಿಗ್ರಿ. ಇಲ್ಲವಾದರೆ ದೀಪಗಳು ಮಿನುಗುವ ಅಪಾಯವಿದೆ, ಆ ಮಿನುಗನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ.

ಅಪರ್ಚರನ್ನು, ಅಂದರೆ ಲೆನ್ಸ್‌ನೊಳಗೆ ಬೆಳಕು ಹಾಯುವ ಕಿಂಡಿಯ ಗಾತ್ರವನ್ನು, ಮೊದಲೇ ನಿರ್ಧರಿಸಿ, ಬೆಳಕನ್ನು ಅದಕ್ಕೆ ತಕ್ಕಂತೆ ಹೊಂದಿಸಿ. ದೀಪ ಎಷ್ಟು ಕೊಟ್ಟಿತೋ ಅಷ್ಟಕ್ಕೆ ಅಪರ್ಚರ್ ತಿರುಗಿಸುತ್ತ ಹೋದರೆ ಒಂದೊಂದು ಶಾಟ್‌ನಲ್ಲಿ ಹಿನ್ನೆಲೆ ಒಂದೊಂದು ಬಗೆಯಲ್ಲಿ ಮಸುಕಾಗಿ, ಕೋಣೆಯೇ ಬದಲಾದಂತೆ ಕಾಣುತ್ತದೆ. ಅಪರ್ಚರನ್ನು ಟಿ ಅಥವಾ ಎಫ್ ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಸಂಭಾಷಣೆಯ ದೃಶ್ಯಕ್ಕೆ ಟಿ4 ನನ್ನ ಮೆಚ್ಚಿನ ಆಯ್ಕೆ: ಎರಡೂ ಕಣ್ಣು ಸ್ಪಷ್ಟವಾಗಿರುತ್ತವೆ, ನಟರು ಕುರ್ಚಿಯಲ್ಲಿ ತುಸು ಮುಂದೆ ಬಾಗಿದರೂ ಫೋಕಸ್ ನೋಡಿಕೊಳ್ಳುವ ಸಹಾಯಕರಾದ ಫೋಕಸ್ ಪುಲ್ಲರ್ ಅವರನ್ನು ಹಿಡಿಯಬಲ್ಲರು, ಹಿನ್ನೆಲೆ ಮಸುಕಾದರೂ ಅದು ಯಾವ ಕೋಣೆಯೆಂಬುದು ತಿಳಿಯುತ್ತದೆ. ಅಪರ್ಚರ್ ನಟನೆಯನ್ನೂ ಕಟ್ಟಿಹಾಕಬಲ್ಲದು ಎಂಬುದಕ್ಕೆ 1975ರ ‘ಬ್ಯಾರಿ ಲಿಂಡನ್’ ಚಿತ್ರವನ್ನು ನೋಡಬೇಕು. ಮೇಣದಬತ್ತಿಯ ಬೆಳಕಿನಲ್ಲೇ ತೆಗೆಯಲೆಂದು ಸ್ಟ್ಯಾನ್ಲಿ ಕುಬ್ರಿಕ್ ಮತ್ತು ಛಾಯಾಗ್ರಾಹಕ ಜಾನ್ ಆಲ್ಕಾಟ್, ನಾಸಾಗಾಗಿ ತಯಾರಾಗಿದ್ದ ಎಫ್0.7 ಅಪರ್ಚರಿನ ಝೈಸ್ ಲೆನ್ಸ್ ಬಳಸಿದರು. ಅಷ್ಟು ತೆರೆದ ಲೆನ್ಸ್‌ನಲ್ಲಿ ಫೋಕಸ್‌ನ ಆಳ ಅತ್ಯಲ್ಪವಾದ್ದರಿಂದ ಪಾತ್ರಧಾರಿಗಳು ಹೆಚ್ಚು ಅಲುಗಾಡುವಂತಿರಲಿಲ್ಲ.

ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವೆಂಬ ಅಂಕಿ) 800, ಶಟರ್ 1/50, ಅಪರ್ಚರ್ ಟಿ4 ಎಂದಾದರೆ ಮುಖದ ಮೇಲೆ ಸುಮಾರು 250 ಲಕ್ಸ್ ಬೆಳಕು ಬೇಕು. ಲೈಟ್ ಮೀಟರನ್ನು ನಟರ ಕೆನ್ನೆಯ ಬಳಿ ಹಿಡಿದು, ಅದರ ಬಿಳಿ ಗುಮ್ಮಟವನ್ನು ಕೀ ಲೈಟ್ ಕಡೆಗೆ ತಿರುಗಿಸಿ ಅಳೆಯಿರಿ. ಅದು 4 ತೋರಿಸುವವರೆಗೆ ದೀಪವನ್ನು ಹಿಂದೆ ಮುಂದೆ ಸರಿಸಿ ಅಥವಾ ಡಿಮ್ಮರ್‌ನಿಂದ ಸರಿಪಡಿಸಿ.

ಈಗ ಕಿಟಕಿಯ ಹೊರಗನ್ನು ನೋಡಿ. ಇದೇ ಐಎಸ್‌ಒ ಮತ್ತು ಶಟರ್‌ನಲ್ಲಿ ನೇರ ಬಿಸಿಲಿಗೆ ಎಫ್64 ಬೇಕಾಗುತ್ತದೆ. ಅಂದರೆ ಬಿಸಿಲಿನಲ್ಲಿರುವ ಹೊರಾಂಗಣ ನಮ್ಮ ಟಿ4ಗಿಂತ ಎಂಟು ಸ್ಟಾಪ್ ಹೆಚ್ಚು. ಬಿಳಿ ಗೋಡೆಯೋ ಬಿಳಿ ಬಟ್ಟೆಯೋ ಇದ್ದರೆ ಅದಕ್ಕಿಂತಲೂ ಎರಡು ಸ್ಟಾಪ್ ಮೇಲೆ. ಒಳ್ಳೆಯ ಸಿನಿಮಾ ಕ್ಯಾಮೆರಾಗಳು, ಅಳತೆಗೆ ಆಧಾರವಾದ ಮಧ್ಯಮ ಬೂದುಬಣ್ಣದ ಮೇಲೆ ಆರು ಏಳು ಸ್ಟಾಪ್‌ಗಳವರೆಗೆ ವಿವರ ಹಿಡಿಯುತ್ತವೆ, ಅದರಾಚೆಗಿನದೆಲ್ಲ ಬರಿಯ ಬಿಳುಪು. ಇದಕ್ಕೆ ಸುಲಭವಾದ ಪರಿಹಾರವೆಂದರೆ ಕಿಟಕಿಯಾಚೆ ಕಾಣುವ ಜಾಗ ನೆರಳಿನಲ್ಲಿರುವ ಹೊತ್ತನ್ನು ಆರಿಸಿಕೊಳ್ಳುವುದು. ಮೂರು ಸ್ಟಾಪ್ ಅಲ್ಲಿಯೇ ಉಳಿಯುತ್ತದೆ. ಅದಾಗದಿದ್ದರೆ ನಮ್ಮ ದೀಪ ನಿಂತಿರುವ ಜಾಗಕ್ಕೂ ಆಚೆ, ಹೊರಗಿನ ನೋಟಕ್ಕೆ ಅಡ್ಡವಾಗಿ ದೊಡ್ಡ ಕಪ್ಪು ನೆಟ್ ಕಟ್ಟಿಸಬೇಕು. ಕಿಟಕಿಯ ಗಾಜಿಗೇ, ಬಣ್ಣ ಬದಲಿಸದೆ ಬೆಳಕನ್ನಷ್ಟೇ ಇಳಿಸುವ ಎನ್‌ಡಿ ಹಾಳೆ ಅಂಟಿಸುವ ರೂಢಿಯಿದೆ. 0.9 ಹಾಳೆ ಮೂರು ಸ್ಟಾಪ್ ಇಳಿಸುತ್ತದೆ ನಿಜ, ಆದರೆ ಅದೇ ಗಾಜಿನಿಂದ ಒಳಬರುವ ನಮ್ಮ ದೀಪವನ್ನೂ ಮೂರು ಸ್ಟಾಪ್ ಇಳಿಸುತ್ತದೆ ಎಂಬುದನ್ನು ಮರೆಯಬೇಡಿ. ಹೊರಗಿನ ನೋಟ ಒಳಗಿಗಿಂತ ಮೂರು ನಾಲ್ಕು ಸ್ಟಾಪ್ ಹೆಚ್ಚಿದ್ದರೆ ಸಹಜವಾಗಿಯೇ ಕಾಣುತ್ತದೆ, ಎರಡನ್ನೂ ಸಮ ಮಾಡಲು ಹೋದರೆ ಹೊರಗೆ ಪರದೆ ಬರೆದು ನಿಲ್ಲಿಸಿದಂತಾಗುತ್ತದೆ.

ಚರ್ಮದ ಬಣ್ಣದ ಬಗ್ಗೆ ಇಲ್ಲಿಯೇ ಹೇಳಬೇಕು. ಬಿಳಿಚರ್ಮ ಸಾಮಾನ್ಯವಾಗಿ ಮಧ್ಯಮ ಬೂದುಬಣ್ಣಕ್ಕಿಂತ ಒಂದು ಸ್ಟಾಪ್ ಮೇಲೆ ಕೂರುತ್ತದೆ, ಕಪ್ಪುಚರ್ಮ ಅದರ ಆಸುಪಾಸಿನಲ್ಲಿ ಅಥವಾ ಕೆಳಗೆ. ದಶಕಗಳ ಕಾಲ ಕೊಡ್ಯಾಕ್‌ನಂಥ ಕಂಪನಿಗಳ ಬಣ್ಣದ ಅಳತೆಪಟ್ಟಿಗಳಲ್ಲಿ ಇದ್ದುದು ಬಿಳಿಯ ಮಹಿಳೆಯರ ಭಾವಚಿತ್ರ. ಆ ಅಳತೆಯೇ ಸರಿಯೆಂದುಕೊಂಡು ಕಪ್ಪುಬಣ್ಣದವರ ಮುಖಕ್ಕೆ ಸುಮ್ಮನೆ ಬೆಳಕು ಸುರಿದು ತಿಳಿಯಾಗಿಸುವುದು ತಪ್ಪು. ಅಂಥ ಮುಖದ ಸೊಬಗು ಚರ್ಮದ ಹೊಳಪಿನಲ್ಲಿದೆ. ದೊಡ್ಡ ಬಿಳಿ ಬಟ್ಟೆಯನ್ನು ತುಸು ಹಿಂದಿನಿಂದ, ಕೆನ್ನೆಯಲ್ಲಿ ಪ್ರತಿಫಲಿಸುವಂತೆ ನಿಲ್ಲಿಸಿದರೆ ಬೆಳಕಿನ ಪ್ರಮಾಣ ಹೆಚ್ಚಿಸದೆಯೇ ಮುಖದ ಆಕಾರ ಎದ್ದು ಬರುತ್ತದೆ. ಇಬ್ಬರು ನಟರ ಬಣ್ಣ ಬೇರೆಬೇರೆಯಿದ್ದಾಗ ಒಬ್ಬರಿಗಾಗಿ ಅಪರ್ಚರ್ ಬದಲಿಸಬೇಡಿ; ತಿಳಿಬಣ್ಣದವರ ಕಡೆ ಒಂದು ನೆಟ್ ಹಿಡಿದು ಅರ್ಧ ಸ್ಟಾಪ್ ಇಳಿಸಿ.

ಹೆಜ್ಜೆ 5: ನೆರಳನ್ನು ಅಳೆಯುವುದು

ಬೆಳಗಿದ ಕೆನ್ನೆಗೂ ನೆರಳಿನ ಕೆನ್ನೆಗೂ ಒಂದು ಸ್ಟಾಪ್ ಅಂತರವಿದ್ದರೆ ಅನುಪಾತ 2:1, ಎರಡಿದ್ದರೆ 4:1, ಮೂರಿದ್ದರೆ 8:1. ಹಗುರವಾದ ಕೌಟುಂಬಿಕ ಮಾತುಕತೆಗೆ 2:1 ಸಾಕು. ಒಬ್ಬರು ಏನನ್ನೋ ಮುಚ್ಚಿಡುತ್ತಿರುವ ಮಾತುಕತೆಯಾದರೆ 4:1 ಅಥವಾ ಅದಕ್ಕಿಂತ ಗಾಢ.

ಹೆಚ್ಚಿನವರು ನೆರಳೆಂದರೆ ಅಲ್ಲಿಗೆ ಬೆಳಕು ತುಂಬಬೇಕೆಂದೇ ಯೋಚಿಸುತ್ತಾರೆ. ತಿಳಿಬಣ್ಣದ ಗೋಡೆಗಳಿರುವ ಕೋಣೆಯಲ್ಲಿ ಪರಿಸ್ಥಿತಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ: ಕಿಟಕಿಯ ಬೆಳಕು ಗೋಡೆ, ಛಾವಣಿಗಳಿಗೆಲ್ಲ ಬಡಿದು ನೆರಳನ್ನು ಆಗಲೇ ತುಂಬಿಬಿಟ್ಟಿರುತ್ತದೆ. ಆಗ ಬೇಕಾದದ್ದು ಕಪ್ಪು ಬಟ್ಟೆ. ಕ್ಯಾಮೆರಾದ ಬದಿಯಲ್ಲಿ, ಚೌಕಟ್ಟಿನ ಅಂಚಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಕಪ್ಪು ಬಟ್ಟೆ ನಿಲ್ಲಿಸಿದರೆ ಆ ಕೆನ್ನೆ ನೋಡನೋಡುತ್ತಿದ್ದಂತೆ ಗಾಢವಾಗುತ್ತದೆ. ತೀರಾ ಗಾಢವಾದರೆ ಅದೇ ಜಾಗದಲ್ಲಿ ಥರ್ಮೋಕೋಲ್ ಹಿಡಿದು ಒಂದೊಂದೇ ಅಡಿ ಹತ್ತಿರ ತನ್ನಿ. ನೆರಳಿಗೆಂದು ಇನ್ನೊಂದು ದೀಪ ಹಚ್ಚುವುದು ಕೊನೆಯ ಉಪಾಯವಾಗಿರಲಿ, ಏಕೆಂದರೆ ಆ ದೀಪಕ್ಕೂ ಒಂದು ನೆರಳಿರುತ್ತದೆ, ಕಿಟಕಿ ಒಂದೇ ಇರುವ ಕೋಣೆಯಲ್ಲಿ ಎರಡು ನೆರಳು ಕಂಡರೆ ನಾವು ಮೊದಲು ಕೊಟ್ಟ ಉತ್ತರವೇ ಸುಳ್ಳಾಗುತ್ತದೆ.

ಕಣ್ಣಿನ ಮಿಂಚನ್ನು ಪರೀಕ್ಷಿಸುವುದನ್ನು ಮರೆಯಬೇಡಿ. ಬಿಳಿ ಬಟ್ಟೆ ಕಣ್ಣುಪಾಪೆಯಲ್ಲಿ ಚಿಕ್ಕ ಕಿಟಕಿಯಾಗಿ ಪ್ರತಿಫಲಿಸಬೇಕು. ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ಅವರು 1972ರ ‘ದಿ ಗಾಡ್‌ಫಾದರ್’ ಚಿತ್ರದಲ್ಲಿ ನೆತ್ತಿಯ ಮೇಲಿನಿಂದ ಬೆಳಕು ಕೊಟ್ಟು ಕಣ್ಣುಗಳನ್ನು ಕತ್ತಲಲ್ಲಿ ಬಿಟ್ಟರು ಎಂಬುದು ಪ್ರಸಿದ್ಧ. ಅಲ್ಲಿ ಕಣ್ಣು ಕಾಣದಿರುವುದಕ್ಕೆ ಪಾತ್ರದಲ್ಲಿಯೇ ಕಾರಣವಿತ್ತು. ನಿಮ್ಮ ದೃಶ್ಯದಲ್ಲಿ ಅಂಥ ಕಾರಣವಿಲ್ಲದಿದ್ದರೆ ಬಟ್ಟೆಯನ್ನು ಒಂದಡಿ ಕೆಳಗಿಳಿಸಿ.

ಹೆಜ್ಜೆ 6: ಬಣ್ಣ

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ನೀಲಿ, ಕಡಿಮೆಯಾದಷ್ಟೂ ಕಿತ್ತಳೆ. ಹಗಲ ಬೆಳಕು ಸುಮಾರು 5600 ಕೆಲ್ವಿನ್, ತಂತಿ ಕಾದು ಬೆಳಗುವ ಟಂಗ್‌ಸ್ಟನ್ ದೀಪ 3200. ಮೋಡ ಕವಿದ ಆಕಾಶ 6500ಕ್ಕೂ ಮೀರಿ ನೀಲಿಯಾಗುತ್ತದೆ. ಕ್ಯಾಮೆರಾವನ್ನು 5600ಕ್ಕೆ ನಿಗದಿಪಡಿಸಿ, ಹೊರಗಿನ ದೀಪವನ್ನೂ ಅಲ್ಲಿಗೇ ಹೊಂದಿಸಿ, ಬಣ್ಣವನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವ ಆಟೋ ವೈಟ್ ಬ್ಯಾಲೆನ್ಸ್ ಅನ್ನು ಖಂಡಿತವಾಗಿ ಆಫ್ ಮಾಡಿಡಿ. ಮೇಜಿನ ಮೇಲೊಂದು ಟಂಗ್‌ಸ್ಟನ್ ಬಲ್ಬ್ ಉರಿಯುತ್ತಿದ್ದು ಅದು ಕಿತ್ತಳೆಯಾಗಿ ಕಂಡರೆ ಹೆದರಬೇಕಿಲ್ಲ, ಎರಡು ಬಣ್ಣಗಳ ನಡುವಿನ ಆ ಸೆಳೆತವೇ ಕೋಣೆಗೆ ಆಳ ಕೊಡುತ್ತದೆ. ಎಲ್‌ಇಡಿ ದೀಪಗಳಲ್ಲಿ ಒಂದು ಎಚ್ಚರ ಬೇಕು: ಮೀಟರ್ 5600 ತೋರಿಸಿದರೂ ಅಗ್ಗದ ದೀಪಗಳ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆಯಿದ್ದು ಮುಖಗಳು ಹಸಿರುಗಟ್ಟುತ್ತವೆ. ಚಿತ್ರೀಕರಣದ ಮೊದಲು ಮನುಷ್ಯರ ಮುಖದ ಮೇಲೆಯೇ ಪರೀಕ್ಷಿಸಿ.

ಒಂದು ದೀಪದ ಬಣ್ಣ ಇಡೀ ಉದ್ಯಮವನ್ನು ಹೇಗೆ ಬದಲಿಸಿತೆಂಬ ಕಥೆ ನನಗೆ ಬಹಳ ಪ್ರಿಯವಾದದ್ದು. ಮೂಕಿ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ತುಟಿ ಕಪ್ಪಾಗಿ, ನೀಲಿ ಆಕಾಶ ಬೆಳ್ಳಗಾಗಿ ಅಚ್ಚಾಗುತ್ತಿತ್ತು. ಕೆಂಪು ಹೆಚ್ಚಿರುವ ಟಂಗ್‌ಸ್ಟನ್ ಬೆಳಕು ಅದಕ್ಕೆ ಹೊಂದುತ್ತಿರಲಿಲ್ಲವಾದ್ದರಿಂದ ಸ್ಟುಡಿಯೋಗಳು ಕಾರ್ಬನ್ ಆರ್ಕ್ ಮತ್ತು ಪಾದರಸದ ದೀಪಗಳನ್ನು ನೆಚ್ಚಿಕೊಂಡಿದ್ದವು. ಮಾತಿನ ಚಿತ್ರಗಳು ಬಂದಾಗ ಆರ್ಕ್ ದೀಪಗಳ ಗುಂಯ್‌ಗುಡುವಿಕೆ ಮೈಕ್ರೊಫೋನಿಗೆ ಕೇಳಿಸತೊಡಗಿತು. ಸದ್ದಿಲ್ಲದ ಟಂಗ್‌ಸ್ಟನ್ ಬೇಕಾಯಿತು, ಟಂಗ್‌ಸ್ಟನ್‌ಗೆ ಕೆಂಪನ್ನು ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬೇಕಾಯಿತು, ಹೊಸ ಫಿಲ್ಮಿಗೆ ಮೇಕಪ್ಪೂ ಬದಲಾಗಬೇಕಾಯಿತು. ಧ್ವನಿಯ ತೊಂದರೆಯೊಂದು ನಟರ ತುಟಿಯ ಬಣ್ಣದವರೆಗೂ ಬಂದು ತಲುಪಿತು.

ಹೆಜ್ಜೆ 7: ಕ್ಲೋಸಪ್‌ಗೆ ಬೆಳಕನ್ನು ಹತ್ತಿರ ತರುವುದು

ಮಾಸ್ಟರ್ ಮತ್ತು ಸಜೆಷನ್ ಶಾಟ್‌ಗಳು ಮುಗಿದ ಮೇಲೆ ಕ್ಯಾಮೆರಾ ಹತ್ತಿರ ಬರುತ್ತದೆ, ಅದರೊಂದಿಗೆ ಬೆಳಕನ್ನೂ ಹತ್ತಿರ ತರುವ ಸ್ವಾತಂತ್ರ್ಯ ಸಿಗುತ್ತದೆ. ಅಗಲದ ಶಾಟ್‌ನಲ್ಲಿ ಬಟ್ಟೆಯನ್ನು ಚೌಕಟ್ಟಿನಾಚೆ ದೂರದಲ್ಲಿ ನಿಲ್ಲಿಸಬೇಕಾಗಿತ್ತು, ಈಗ ಮುಖದಿಂದ ಒಂದು ಮೀಟರ್‌ನಲ್ಲಿಯೇ ನಿಲ್ಲಿಸಿ ನೆರಳಂಚನ್ನು ಇನ್ನೂ ಮೃದುವಾಗಿಸಬಹುದು. ದಿಕ್ಕು ಮಾತ್ರ ಬದಲಾಗಕೂಡದು. ಪ್ರೇಕ್ಷಕರು ಮೃದುತ್ವದ ಸಣ್ಣ ಬದಲಾವಣೆಯನ್ನು ಸಹಿಸುತ್ತಾರೆ, ಅನುಪಾತದ ಅರ್ಧ ಸ್ಟಾಪ್ ವ್ಯತ್ಯಾಸವನ್ನೂ ಸಹಿಸುತ್ತಾರೆ. ಮೂಗಿನ ನೆರಳು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹಾರಿದರೆ ಒಡನೆಯೇ ದೃಶ್ಯದಿಂದ ಹೊರಬೀಳುತ್ತಾರೆ.

ಪ್ರತಿ ಹೊಸ ಶಾಟ್‌ಗೆ ಮೊದಲು ಮಾಸ್ಟರ್‌ನ ಒಂದು ಸ್ಥಿರಚಿತ್ರವನ್ನು ಮಾನಿಟರ್‌ನಲ್ಲಿ ತೆರೆದು ಹೊಸ ಚೌಕಟ್ಟಿನ ಪಕ್ಕದಲ್ಲಿಟ್ಟು ನೋಡಿ. ಕಣ್ಣು ಬೇಗ ಹೊಂದಿಕೊಂಡುಬಿಡುತ್ತದೆ. ಮಧ್ಯಾಹ್ನ ನಾಲ್ಕರ ಮಂಕು ಬೆಳಕು ಕೋಣೆಯಲ್ಲೇ ಕುಳಿತಿರುವ ನಮಗೆ ಹನ್ನೊಂದರ ಬೆಳಕಿನಂತೆಯೇ ಕಾಣುತ್ತದೆ, ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗಲೇ ವ್ಯತ್ಯಾಸ ಗೊತ್ತಾಗುವುದು.

ಟಿವಿಗೆ ಇದೇ ದೃಶ್ಯ

ಮೂರು ಕ್ಯಾಮೆರಾಗಳು ಒಟ್ಟಿಗೆ ಓಡುವ ಟಿವಿ ಸ್ಟುಡಿಯೋದಲ್ಲಿ ಬೆಳಕನ್ನು ಶಾಟ್‌ನಿಂದ ಶಾಟ್‌ಗೆ ಸರಿಸಲು ಆಗುವುದಿಲ್ಲ. ನೆಲದ ಮೇಲೆ ದೀಪ ನಿಂತರೆ ಯಾವುದಾದರೊಂದು ಕ್ಯಾಮೆರಾಕ್ಕೆ ಕಾಣುತ್ತದೆ. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ ಸರಣಿಯನ್ನು ಪ್ರೇಕ್ಷಕರ ಎದುರೇ ಮೂರು 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾಗಳಿಂದ ತೆಗೆಯುವಾಗ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ದೀಪಗಳನ್ನು ಮೇಲಿನಿಂದ ತೂಗುಹಾಕಿ, ಎಲ್ಲ ಕೋನಗಳಿಗೂ ಹೊಂದುವ ಸಮನಾದ ಬೆಳಕನ್ನು ಕಟ್ಟಿದರು. 1924ರ ಹೊತ್ತಿಗೆ ಜರ್ಮನಿಯಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಡಿಸಿ ಓಡಾಡಿಸಿದ್ದ, ಗಾಢ ನೆರಳುಗಳ ಚಿತ್ರಗಳಿಗೆ ಹೆಸರಾಗಿದ್ದ ಅದೇ ಫ್ರಾಯಿಂಡ್ ಅವರು! ಆದರೆ ಸಮನಾದ ಬೆಳಕಿಗೂ ದಿಕ್ಕು ಇರಬಹುದು. ಮೇಲಿನ ದೀಪಗಳಲ್ಲಿ ಕಿಟಕಿಯ ಕಡೆಯ ಸಾಲನ್ನು ಉಳಿದವಕ್ಕಿಂತ ಒಂದು ಸ್ಟಾಪ್ ಹೆಚ್ಚಿಸಿ, ಹಿಂದಿನ ಗೋಡೆಯನ್ನು ಒಂದು ಸ್ಟಾಪ್ ಇಳಿಸಿದರೆ ಮೂರು ಕ್ಯಾಮೆರಾಗಳ ಸ್ಟುಡಿಯೋದಲ್ಲಿಯೂ ಕಿಟಕಿಯ ಅರಿವು ಉಳಿಯುತ್ತದೆ.

ಹೆಜ್ಜೆ 8: ದೀಪ ಕದಲಿಸುವ ಮೊದಲು

ಕೊನೆಯ ಶಾಟ್ ಮುಗಿದೊಡನೆ ದೀಪಗಳನ್ನು ಇಳಿಸಲು ಬಿಡಬೇಡಿ. ಅದೇ ಬೆಳಕಿನಲ್ಲಿ ಬೂದು ಕಾರ್ಡು ಮತ್ತು ಬಣ್ಣದ ಕಾರ್ಡನ್ನು ಮುಖದ ಜಾಗದಲ್ಲಿ ಹಿಡಿದು ಹತ್ತು ಸೆಕೆಂಡ್ ಚಿತ್ರೀಕರಿಸಿ, ಆಮೇಲೆ ಬಣ್ಣ ಹೊಂದಿಸುವ ಕಲರಿಸ್ಟ್‌ಗೆ ಅದು ಆಧಾರವಾಗುತ್ತದೆ. ಬಳಿಕ ಟೇಪ್ ಹಿಡಿದು ದೀಪದಿಂದ ಬಟ್ಟೆಗೆ, ಬಟ್ಟೆಯಿಂದ ಮುಖಕ್ಕೆ ಎಷ್ಟು ದೂರ, ದೀಪದ ಎತ್ತರ, ಡಿಮ್ಮರ್‌ನ ಅಂಕಿ, ಕಪ್ಪು ಬಟ್ಟೆ ನಿಂತಿದ್ದ ಜಾಗ, ಲೆನ್ಸ್ ಮತ್ತು ಅದರ ಎತ್ತರ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ನಕ್ಷೆಯೊಂದಿಗೆ ಬರೆದಿಡಿ, ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದಿಡಿ. ಎರಡು ತಿಂಗಳ ನಂತರ ಸಂಕಲನಕಾರರು ಒಂದು ಪ್ರತಿಕ್ರಿಯೆಯ ಶಾಟ್ ಕಡಿಮೆಯಾಗಿದೆ ಎಂದು ಪ್ಯಾಚ್‌ವರ್ಕ್‌ಗೆ ಕರೆಸಿದಾಗ ಆ ಕೋಣೆ ಇರುವುದಿಲ್ಲ, ಆ ಕಿಟಕಿಯೂ ಇರುವುದಿಲ್ಲ. ನಿಮ್ಮ ಬಳಿ ಒಂದು ದೀಪ, ಒಂದು ಬಿಳಿ ಬಟ್ಟೆ, ಒಂದು ಕಪ್ಪು ಬಟ್ಟೆ ಮತ್ತು ಆ ಪುಟ ಮಾತ್ರ ಇರುತ್ತದೆ, ಆ ಒಂದು ಶಾಟ್‌ಗೆ ಅಷ್ಟು ಸಾಕು.